ಕ್ಲೈಮ್ಯಾಕ್ಸ್‌ಗೇ ಕೈಕೊಡುವ ಪೆಟ್ಟಿಗೆ

ಏಪ್ರಿಲ್‌ನ ಒಂದು ಭಾನುವಾರ ಭಾವನ ಮನೆಯಲ್ಲಿ ಊಟ. ಊಟವಾದ ಮೇಲೆ ಸಿನಿಮಾ. ಹಾಲ್‌ನಲ್ಲಿ ಐದು ಸ್ಪೀಕರು, ಮೂಲೆಯಲ್ಲೊಂದು ಸಬ್‌ವೂಫರು, ಟೀವಿಯ ಕೆಳಗಿನ ಕಪಾಟಿನಲ್ಲಿ ಇವೆಲ್ಲಕ್ಕೂ ದನಿ ಹಂಚುವ ದಪ್ಪ ಕರಿ ಪೆಟ್ಟಿಗೆ, ಅಂದರೆ ಹೋಮ್ ಥಿಯೇಟರ್ ರಿಸೀವರು. ಮಾತುಕತೆಯ ದೃಶ್ಯಗಳು ಸಲೀಸಾಗಿ ಸಾಗಿದವು. ನಾಯಕ ಖಳನ ಅಡ್ಡೆಗೆ ನುಗ್ಗಿ ಮೊದಲ ಜೀಪು ಮೇಲಕ್ಕೆ ಹಾರಿದ್ದೇ ತಡ, ‘ಟಿಕ್’ ಎಂದು ಸಣ್ಣ ಸದ್ದಾಗಿ ಎಲ್ಲ ಸ್ಪೀಕರುಗಳೂ ಬಾಯಿ ಮುಚ್ಚಿದವು. ಪರದೆಯ ಮೇಲೆ ಜೀಪು ಮೂಕವಾಗಿ ಉರಿಯುತ್ತಿತ್ತು, ಪೆಟ್ಟಿಗೆಯ ಮುಂದೆ ಕೆಂಪು ದೀಪ ಮಿನುಗುತ್ತಿತ್ತು. “ಮೂರು ವಾರದಿಂದ ಹೀಗೇ ಕಣಯ್ಯಾ. ಹೊಸದು ತಗೊಂಡುಬಿಡೋಣ ಅಂತಿದೀನಿ” ಅಂದರು ಭಾವ.

ಮೀಟರ್ ಬೋರ್ಡಿನ ಎಂಸಿಬಿ ಬಿದ್ದರೆ ನಾವು ಎಂಸಿಬಿಯನ್ನು ಬಯ್ಯುವುದಿಲ್ಲ. ಗೀಸರೋ ಇಸ್ತ್ರಿಪೆಟ್ಟಿಗೆಯೋ ಎಂದು ಹುಡುಕುತ್ತೇವೆ. ರಿಸೀವರ್ ಆರಿದಾಗ ಮಾತ್ರ ಬೈಗುಳ ನೇರ ಅದಕ್ಕೇ. ಆದರೆ ಆ ‘ಟಿಕ್’ ಕೂಡ ಎಂಸಿಬಿ ಬಿದ್ದಂಥದ್ದೇ. ಆಂಪ್ಲಿಫೈಯರಿಗೂ ಸ್ಪೀಕರಿಗೂ ನಡುವೆ ರಿಲೇ ಎಂಬ ಪುಟ್ಟ ಸ್ವಿಚ್ ಇರುತ್ತದೆ. ಪೆಟ್ಟಿಗೆಯನ್ನು ಆನ್ ಮಾಡಿದ ಕೆಲವು ಸೆಕೆಂಡುಗಳ ಮೇಲೆ ಒಳಗಿಂದ ಟಿಕ್ ಎಂದು ಕೇಳಿ, ಆಮೇಲಷ್ಟೇ ದನಿ ಬರುವುದನ್ನು ನೀವು ಗಮನಿಸಿರಬಹುದು. ಅಷ್ಟು ಹೊತ್ತು ಒಳಗಿನ ಕಾವಲು ಸರ್ಕ್ಯೂಟು ಎಲ್ಲ ನೆಟ್ಟಗಿದೆಯೇ ಎಂದು ನೋಡುತ್ತಿರುತ್ತದೆ. ಸಿನಿಮಾ ಓಡುವಾಗಲೂ ಅದು ಕಣ್ಣು ಮುಚ್ಚುವುದಿಲ್ಲ. ಕರೆಂಟು ಮಿತಿ ಮೀರಿತೇ, ಬಿಸಿ ಏರಿತೇ, ಸ್ಪೀಕರಿನ ಕಡೆಗೆ ಡಿಸಿ ಹೊರಟಿತೇ ಎಂದು ಕಾಯುತ್ತಲೇ ಇರುತ್ತದೆ.

ಡಿಸಿಗೆ ಯಾಕಿಷ್ಟು ಹೆದರಿಕೆ? ಸ್ಪೀಕರಿಗೆ ಹೋಗಬೇಕಾದದ್ದು ಹಿಂದಕ್ಕೂ ಮುಂದಕ್ಕೂ ತುಯ್ಯುವ ವಿದ್ಯುತ್ತು. ಅದರ ತಾಳಕ್ಕೆ ಒಳಗಿನ ತಂತಿಯ ಸುರುಳಿ ಕುಣಿಯುತ್ತದೆ, ಕುಣಿಯುತ್ತಲೇ ಗಾಳಿಯಾಡಿ ತಣ್ಣಗಾಗುತ್ತದೆ. ಆಂಪ್ಲಿಫೈಯರಿನ ಒಂದು ಟ್ರಾನ್ಸಿಸ್ಟರ್ ಸುಟ್ಟು ಒಳಗೇ ಶಾರ್ಟ್ ಆಯಿತೆನ್ನಿ. ಆಗ ಸುಮಾರು 50 ವೋಲ್ಟ್ ಡಿಸಿ ನೇರ ಸ್ಪೀಕರಿಗೆ ನುಗ್ಗುತ್ತದೆ. ಸುರುಳಿ ಒಂದೇ ಕಡೆಗೆ ತಳ್ಳಿಸಿಕೊಂಡು ಅಲ್ಲಾಡದೆ ನಿಲ್ಲುತ್ತದೆ. 6 ಓಮ್‌ನ ಸುರುಳಿಯಲ್ಲಿ ಹುಟ್ಟುವ ಶಾಖ 400 ವ್ಯಾಟ್‌ಗೂ ಹೆಚ್ಚು. ರೇಡಿಯೋ ರಿಪೇರಿಯವರ 25 ವ್ಯಾಟ್‌ನ ಸೋಲ್ಡರಿಂಗ್ ಐರನ್ ಸೀಸವನ್ನೇ ಕರಗಿಸುತ್ತದೆ. ಅಂಥ ಹದಿನಾರು ಐರನ್‌ಗಳ ಬಿಸಿ ದಾರದಷ್ಟು ತೆಳ್ಳಗಿನ ತಂತಿಗೆ. ರಿಲೇ ಬಿಡದಿದ್ದರೆ ಕೆಲವೇ ಸೆಕೆಂಡಿನಲ್ಲಿ ಸ್ಪೀಕರಿನಿಂದ ಹೊಗೆ.

ಭಾವನ ಪೆಟ್ಟಿಗೆಗೆ ಆ ಗತಿ ಬಂದಿರಲಿಲ್ಲ. ಬಂದಿದ್ದರೆ ಜೀಪು ಹಾರುವವರೆಗೆ ಕಾಯುತ್ತಲೇ ಇರಲಿಲ್ಲ, ಸ್ವಿಚ್ ಹಾಕಿದ ಕೂಡಲೇ ಆರುತ್ತಿತ್ತು. ಈ ಪತ್ತೇದಾರಿಯಲ್ಲಿ ಮೊದಲು ಕೇಳಬೇಕಾದ್ದು ‘ಯಾಕೆ ಆರಿತು’ ಅಂತಲ್ಲ, ‘ಯಾವಾಗ ಆರಿತು’ ಅಂತ.

ಹಾಕಿದ ಕೂಡಲೇ ಆರುವುದಾದರೆ ಹಾದಿ ಎರಡೇ. ದೋಷ ಪೆಟ್ಟಿಗೆಯೊಳಗಿದೆ, ಇಲ್ಲವೇ ಹೊರಗಿನ ವೈರಿನಲ್ಲೋ ಸ್ಪೀಕರಿನಲ್ಲೋ ಇದೆ. ತೀರ್ಮಾನಕ್ಕೆ ಐದು ನಿಮಿಷ ಸಾಕು. ಪ್ಲಗ್ ಕಿತ್ತು, ಹಿಂದಿನ ಸ್ಪೀಕರ್ ವೈರುಗಳನ್ನೆಲ್ಲ ಬಿಡಿಸಿ, ಬರಿ ಪೆಟ್ಟಿಗೆಯನ್ನು ಆನ್ ಮಾಡಿ. ಆಗಲೂ ಆರಿದರೆ ರಿಪೇರಿಯವರ ಬಳಿಗೆ ಒಯ್ಯಿರಿ. ಆರದೆ ನಿಂತರೆ ಪೆಟ್ಟಿಗೆ ನಿರಪರಾಧಿ. ಪ್ರತಿ ಸಲ ಪ್ಲಗ್ ಕಿತ್ತು, ಒಂದೊಂದೇ ಸ್ಪೀಕರ್ ಸೇರಿಸುತ್ತ ಬನ್ನಿ, ಕಳ್ಳ ಸಿಗುತ್ತಾನೆ. ಬಹಳ ಸಲ ಆ ಕಳ್ಳ ಕೂದಲೆಳೆಯಷ್ಟು ತಾಮ್ರ. ಸ್ಪೀಕರ್ ವೈರಿನಲ್ಲಿ ಹತ್ತಾರು ಎಳೆಗಳಿರುತ್ತವೆ. ಸಿಪ್ಪೆ ಸುಲಿದು ಟರ್ಮಿನಲ್ಲಿಗೆ ತೂರಿಸುವಾಗ ಒಂದೆಳೆ ಆಚೆ ಉಳಿದು ಪಕ್ಕದ ಟರ್ಮಿನಲ್ಲನ್ನು ಮುಟ್ಟಿದರೆ ಅಷ್ಟೇ ಶಾರ್ಟು. ಸುಲಿದ ತುದಿಯನ್ನು ಬತ್ತಿ ಹೊಸೆದ ಹಾಗೆ ಹೊಸೆದು ತೂರಿಸಿದರೆ ಆ ಕಾಟವಿಲ್ಲ. ಗೋಡೆಗೆ ಮೊಳೆ ಹೊಡೆಯುವಾಗ ಒಳಗಿನ ವೈರಿಗೇ ಹೊಡೆದವರೂ ಇದ್ದಾರೆ.

ಸ್ಪೀಕರನ್ನು ಬೇರೆಯಾಗಿ ಪರೀಕ್ಷಿಸಲು ಅಗ್ಗದ ಮಲ್ಟಿಮೀಟರ್ ಸಾಕು. ವೈರು ಪೆಟ್ಟಿಗೆಯಿಂದ ಬಿಚ್ಚಿರಬೇಕು, ನೆನಪಿರಲಿ. 8 ಓಮ್ ಎಂದು ಬರೆದಿರುವ ಸ್ಪೀಕರಿನಲ್ಲಿ ಮೀಟರು ಸುಮಾರು 6 ತೋರಿಸಿದರೆ ಗಾಬರಿ ಬೇಡ. ಮೀಟರು ಅಳೆಯುವುದು ಡಿಸಿಗೆ ಒಡ್ಡುವ ರೋಧವನ್ನು ಮಾತ್ರ. ಬರೆದಿರುವುದು ದನಿಯ ವಿದ್ಯುತ್ತಿಗೆ ಒಡ್ಡುವ ಇಂಪಿಡೆನ್ಸನ್ನು, ಅದೂ ಅಂದಾಜಿನದು. ಸೊನ್ನೆಯ ಹತ್ತಿರ ತೋರಿಸಿದರೆ ಶಾರ್ಟು. ಮೀಟರಿಲ್ಲದಿದ್ದರೆ ಹಳೇ ಮೆಕ್ಯಾನಿಕ್‌ಗಳ ಉಪಾಯವಿದೆ: 1.5 ವೋಲ್ಟಿನ ಟಾರ್ಚ್ ಸೆಲ್ಲನ್ನು ವೈರಿನ ಎರಡು ತುದಿಗೆ ಕ್ಷಣಕಾಲ ಮುಟ್ಟಿಸಿದರೆ ಜೀವವಿರುವ ಸ್ಪೀಕರು ‘ಟಪ್’ ಅನ್ನುತ್ತದೆ.

ಭಾವನ ಮನೆಯದು ಎರಡನೆಯ ಬಗೆ. ಸಣ್ಣ ದನಿಗೆ ತೊಂದರೆಯಿಲ್ಲ, ಅಬ್ಬರಕ್ಕೆ ಮಾತ್ರ ಆರುತ್ತದೆ. “ಮೂರು ವಾರದ ಹಿಂದೆ ಏನು ಮಾಡಿದಿರಿ ಭಾವ?” ಅಂದೆ. ಏನೂ ಇಲ್ಲವೆಂದರು. ಅಕ್ಕ ಅಡುಗೆಮನೆಯಿಂದಲೇ ಕೂಗಿದಳು: “ಊಟದ ಮನೇಲಿ ಹಾಡು ಬೇಕು ಅಂತ ಎರಡು ಸ್ಪೀಕರ್ ನೇತುಹಾಕಿದರಲ್ಲ!” ನೋಡಿದರೆ ಹಾಲ್‌ನ ಮುಂದಿನೆರಡು ಸ್ಪೀಕರುಗಳ ಟರ್ಮಿನಲ್ಲಿಗೇ ಊಟದ ಮನೆಯ ಜೋಡಿಯ ವೈರುಗಳನ್ನೂ ಸಿಗಿಸಿದ್ದರು.

1827ರಲ್ಲಿ ಜರ್ಮನಿಯ ಮೇಷ್ಟ್ರು ಜಾರ್ಜ್ ಓಮ್ ಅಚ್ಚು ಹಾಕಿಸಿದ ಲೆಕ್ಕ ಇಲ್ಲಿ ಸಾಕು. ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಕರೆಂಟು. ಒಂದೇ ಟರ್ಮಿನಲ್ಲಿಗೆ ಎರಡು ಸ್ಪೀಕರ್ ಸಿಗಿಸಿದರೆ ರೋಧ ಕೂಡುವುದಿಲ್ಲ, ಅರ್ಧಕ್ಕಿಳಿಯುತ್ತದೆ: ತೊಟ್ಟಿಗೆ ಎರಡು ನಲ್ಲಿ ಇಟ್ಟರೆ ನೀರು ಹೊರಬರುವುದು ಸುಲಭವಾಗುವ ಹಾಗೆ. ಭಾವನ ಸ್ಪೀಕರುಗಳು ತಲಾ 6 ಓಮ್, ಎರಡು ಸೇರಿ 3. ಪೆಟ್ಟಿಗೆಯ ಬೆನ್ನಿನ ಮೇಲೆ ‘6ರಿಂದ 16 ಓಮ್’ ಎಂದು ಅಚ್ಚಾಗಿತ್ತು. 18 ವೋಲ್ಟಿನ ಒಂದು ಅಬ್ಬರಕ್ಕೆ 6 ಓಮ್ ಕೇಳುವುದು 3 ಆಂಪಿಯರ್. 3 ಓಮ್ ಕೇಳುವುದು 6. ಬೆನ್ನ ಮೇಲಿನ ಈ ಅಂಕಿಯನ್ನು ಯಾರೂ ಓದುವುದಿಲ್ಲ, ವ್ಯಾಟ್ ಎಷ್ಟು ಎಂದು ಕೇಳಿ ಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಅಂಗಡಿಯಲ್ಲಿ ಮೊದಲು ಓದಬೇಕಾದ್ದೇ ಅದು.

ಮಾತಿಗೆ ಆರದ್ದು ಸ್ಫೋಟಕ್ಕೆ ಯಾಕೆ ಆರಬೇಕು? ನಮ್ಮ ಕಿವಿಯ ಲೆಕ್ಕ ವಿಚಿತ್ರ. ದನಿ ಎರಡರಷ್ಟಾಯಿತು ಎಂದು ಕಿವಿಗೆ ಅನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು. ಅಷ್ಟು ಏರಿಸಲು ಆಂಪ್ಲಿಫೈಯರ್ ಹತ್ತು ಪಟ್ಟು ವಿದ್ಯುತ್ತು ಸುರಿಯಬೇಕು. ಪಿಸುಮಾತಿಗೆ ಒಂದು ವ್ಯಾಟ್ ಕೂಡ ಬೇಡ. ಜೀಪು ಹಾರಿದಾಗ ಕ್ಷಣದಲ್ಲಿ ನೂರಾರು ಪಟ್ಟು ಬೇಕು. ಅದರಲ್ಲೂ ಹೆಚ್ಚಿನ ಪಾಲು ಗುಡುಗಿನಂಥ ತಗ್ಗಿನ ದನಿಗೆ. ಸಬ್‌ವೂಫರಿಗೆ ಬಹುಪಾಲು ತನ್ನದೇ ಆಂಪ್ಲಿಫೈಯರ್ ಇರುತ್ತದೆ. ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿ ಸ್ಪೀಕರುಗಳನ್ನು ‘ಸ್ಮಾಲ್’ ಎಂದು ಆರಿಸಿ, 80 ಹರ್ಟ್ಸ್‌ಗಿಂತ ಕೆಳಗಿನದನ್ನು ಸಬ್‌ವೂಫರಿಗೆ ಕಳಿಸಿದರೆ ರಿಸೀವರಿನ ಬೆನ್ನಿನ ಭಾರ ಇಳಿಯುತ್ತದೆ. ದೊಡ್ಡ ಸ್ಪೀಕರನ್ನು ಸ್ಮಾಲ್ ಅನ್ನಲು ಕೆಲವರಿಗೆ ಮನಸ್ಸೇ ಬರುವುದಿಲ್ಲ!

ಊಟದ ಮನೆಯ ಜೋಡಿಯನ್ನು ಬಿಚ್ಚಿದೆವು, ಅದೇ ಜೀಪನ್ನು ಅದೇ ದನಿಯಲ್ಲಿ ಮತ್ತೆ ಹಾರಿಸಿದೆವು. ಪೆಟ್ಟಿಗೆ ಜಗ್ಗಲಿಲ್ಲ. ಭಾವ ಗೆದ್ದವರಂತೆ ಕೂತರು. ಆದರೆ ಸಿನಿಮಾ ಮುಗಿಯಲು ಇನ್ನು ಹತ್ತು ನಿಮಿಷವಿದೆ ಅನ್ನುವಾಗ, ಯಾವ ಅಬ್ಬರವೂ ಇಲ್ಲದ ಅಳುವ ದೃಶ್ಯದಲ್ಲಿ, ಮತ್ತೆ ಟಿಕ್.

ಇದು ಮೂರನೆಯ ಬಗೆ, ಬಿಸಿಯದು. ಹೆಚ್ಚಿನ ರಿಸೀವರುಗಳಲ್ಲಿರುವುದು ‘ಎಬಿ’ ವರ್ಗದ ಆಂಪ್ಲಿಫೈಯರು. ಅದರ ಕಾರ್ಯಕ್ಷಮತೆ ಕಾಗದದ ಲೆಕ್ಕದಲ್ಲೇ ಶೇಕಡಾ 78.5 ದಾಟಲಾರದು, ಅದೂ ಪೂರ್ತಿ ದನಿಗೆ. ನಾವು ಕೇಳುವ ಸಾಧಾರಣ ದನಿಗೆ ಅದು ಬಹಳ ಕೆಳಗಿರುತ್ತದೆ, ಉಳಿದದ್ದೆಲ್ಲ ಶಾಖ. ಟ್ರಾನ್ಸಿಸ್ಟರುಗಳು ಅತಿ ಹೆಚ್ಚು ಕಾಯುವುದು ಪೂರ್ತಿ ದನಿಯಲ್ಲಲ್ಲ, ಗರಿಷ್ಠ ಶಕ್ತಿಯ ಸುಮಾರು ಶೇಕಡಾ 40ರಲ್ಲಿ. ಆ ಶಾಖವನ್ನು ಅಲ್ಯುಮಿನಿಯಮ್ ಹೀಟ್ ಸಿಂಕ್ ಹೀರಿ ಮೇಲ್ಮುಚ್ಚಳದ ಸಂದುಗಳಿಂದ ಹೊರಗೆ ಬಿಡಬೇಕು. ಭಾವನ ಕಪಾಟಿಗೆ ಗಾಜಿನ ಬಾಗಿಲು. ಪೆಟ್ಟಿಗೆಯ ನೆತ್ತಿಯ ಮೇಲೆ ಸೆಟ್‌ಟಾಪ್ ಬಾಕ್ಸು, ಅದರ ಮೇಲೆ ಅಕ್ಕನ ಕ್ರೋಶಾ ಹೊದಿಕೆ. ಮುಟ್ಟಿದರೆ ಕಾವಲಿ. ಸಂದಿನಲ್ಲಿ ಧೂಳು ಹತ್ತಿಯ ಹಾಗೆ ಕೂತಿತ್ತು.

ಬಿಸಿ ಇವತ್ತು ಆರಿಸಿ ಸುಮ್ಮನಾಗುವುದಿಲ್ಲ, ಆಯುಸ್ಸನ್ನೂ ತಿನ್ನುತ್ತದೆ. ವಿದ್ಯುತ್ತನ್ನು ಕೂಡಿಡುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳಲ್ಲಿ ದ್ರವವಿರುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅವುಗಳ ಬಾಳಿಕೆ ಅರ್ಧವಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನವರು ಅನುಸರಿಸುವ ಲೆಕ್ಕ. ದ್ರವ ಒಣಗಿ ಕೆಪಾಸಿಟರ್ ಊದಿಕೊಂಡರೆ ಆಗ ಪೆಟ್ಟಿಗೆಗೆ ನಿಜವಾದ ಕಾಯಿಲೆ. ಅದನ್ನು ನೋಡಲು ಮುಚ್ಚಳ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಆ ಡಬ್ಬಿಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ.

ಮಿನುಗುವ ಕೆಂಪಿಲ್ಲದೆ ಸುಮ್ಮನೆ ಮಲಗಿತು ಅಂದರೆ ಅದು ಬಹುಪಾಲು ರೋಗವೇ ಅಲ್ಲ. ಸ್ಲೀಪ್ ಟೈಮರ್ ಇರಬಹುದು, ವಿದ್ಯುತ್ ಉಳಿತಾಯದ ಆಟೋ ಸ್ಟ್ಯಾಂಡ್‌ಬೈ ಇರಬಹುದು, ಎಚ್‌ಡಿಎಂಐ ಕೇಬಲ್ಲಿನ ಒಂದು ತಂತಿಯ ಮೂಲಕ ಟೀವಿಯೇ ‘ನೀನೂ ಮಲಗು’ ಎಂದಿರಬಹುದು. ಅಮೆರಿಕದಿಂದ ಮಕ್ಕಳು ತಂದುಕೊಟ್ಟ 120 ವೋಲ್ಟಿನ ರಿಸೀವರಾದರೆ ಬೇರೊಂದು ಅನುಮಾನ: ನಮ್ಮ 230 ವೋಲ್ಟನ್ನು ಇಳಿಸುವ ಟ್ರಾನ್ಸ್‌ಫಾರ್ಮರ್ ತೀರ ಚಿಕ್ಕದಿದ್ದರೆ ಅಬ್ಬರದ ಹೊತ್ತಿಗೆ ವೋಲ್ಟೇಜು ಕುಸಿದು ಪೆಟ್ಟಿಗೆ ಆರುತ್ತದೆ.

ಅಕ್ಕನ ಹೊದಿಕೆ ಈಗ ಟೀಪಾಯಿಯ ಮೇಲಿದೆ. ಸೆಟ್‌ಟಾಪ್ ಬಾಕ್ಸು ಪಕ್ಕಕ್ಕೆ ಸರಿದಿದೆ, ಗಾಜಿನ ಬಾಗಿಲು ಸಿನಿಮಾ ಇರುವಾಗ ತೆರೆದಿರುತ್ತದೆ. ಊಟದ ಮನೆಯಲ್ಲಿ ಸದ್ಯಕ್ಕೆ ಹಾಡಿಲ್ಲ. ನಿಮ್ಮ ಮನೆಯ ಪೆಟ್ಟಿಗೆ ಹೀಗೆಲ್ಲ ಮಾಡಿಯೂ ಆರುತ್ತಲೇ ಇದ್ದರೆ ರಿಪೇರಿಯವರಿಗೆ ಕೊಡುವಾಗ ಒಂದು ಚೀಟಿಯನ್ನೂ ಕೊಡಿ: ಹಾಕಿದ ಎಷ್ಟು ಹೊತ್ತಿಗೆ ಆರಿತು, ದನಿ ಎಷ್ಟಿತ್ತು, ಯಾವ ಸ್ಪೀಕರುಗಳು ಸಿಕ್ಕಿಸಿದ್ದವು, ದೀಪ ಹೇಗೆ ಮಿನುಗಿತು. ‘ಆಗಾಗ ಆಫ್ ಆಗ್ತದೆ’ ಎಂದಷ್ಟೇ ಹೇಳಿ ಬಂದರೆ, ಅವರ ಮೇಜಿನ ಮೇಲೆ ಒಂದೇ ಸ್ಪೀಕರಿನೊಂದಿಗೆ ತಣ್ಣಗೆ ಕೂತ ಪೆಟ್ಟಿಗೆ ಒಮ್ಮೆಯೂ ಆರುವುದಿಲ್ಲ.