ಏಳಲೊಲ್ಲದ ಸರ್ವರ್

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ರೈತನಿಗೆ ಬೆಳೆಸಾಲ ಬೇಕಾದರೆ ಹೊಲದ ಉತಾರ ಬೇಕು. 2000ದ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆಯಿಂದ ಅದು ಗಣಕಯಂತ್ರವನ್ನು ಸೇರಿದೆ. ಇಂತಹ ದಾಖಲೆಗಳನ್ನು ಕಾಯ್ದಿರಿಸಿ, ಕೇಳಿದಾಗ ಒದಗಿಸುವ ತಂತ್ರಾಂಶವೇ ಡೇಟಾಬೇಸ್ ಸರ್ವರ್. ಹೊಸದಾಗಿ ಸ್ಥಾಪಿಸಿದ ಸರ್ವರ್ ಒಮ್ಮೊಮ್ಮೆ ಆರಂಭವಾಗುವುದೇ ಇಲ್ಲ. ಕಾರಣವೇನು?

ಉದಾಹರಣೆಗೆ ನಾವು ಪೋಸ್ಟ್‌ಗ್ರೆಸ್ ಎಂಬ ಸರ್ವರನ್ನು ನೋಡೋಣ. ಅದು ಸಾಮಾನ್ಯವಾಗಿ 5432ನೆಯ ಪೋರ್ಟಿನಲ್ಲಿ ಕರೆಗಳಿಗಾಗಿ ಕಾದಿರುತ್ತದೆ. ಆ ಬಾಗಿಲನ್ನು ಬೇರೊಂದು ತಂತ್ರಾಂಶವು ಮೊದಲೇ ಹಿಡಿದಿದ್ದರೆ ಇದಕ್ಕೆ ಎಡೆಯಿಲ್ಲ. ದತ್ತಾಂಶದ ಕೋಶವನ್ನು ತೆರೆಯುವ ಅನುಮತಿ ಇಲ್ಲದಿದ್ದರೂ, ಡಿಸ್ಕ್ ತುಂಬಿದ್ದರೂ ಅದು ನಿಂತುಬಿಡುತ್ತದೆ. ನಿಲ್ಲುವ ಮುನ್ನ ಸಾಮಾನ್ಯವಾಗಿ ಕಾರಣವನ್ನು ಲಾಗ್ ಎಂಬ ದಿನಚರಿಯಲ್ಲಿ ಬರೆದಿಡುತ್ತದೆ. ಅದರ ಕೊನೆಯ ಸಾಲುಗಳನ್ನು ಓದುವುದೇ ಮೊದಲ ಚಿಕಿತ್ಸೆ. ಓದದೆ, ಅವಸರದಿಂದ ಕೋಶವನ್ನೇ ಅಳಿಸಿ ಮರುಸ್ಥಾಪಿಸಿದರೆ ಸರ್ವರೇನೋ ಎದ್ದೀತು. ಒಳಗಿದ್ದ ದಾಖಲೆಗಳು ಮಾತ್ರ ಉಳಿಯಲಾರವು.