ಚೀಟಿಯಲ್ಲಿ ಬರೆದ ಹಾರ್ಮೋನು

ಕೊಡಗಿನ ಪಾಲಿಬೆಟ್ಟದಿಂದ ಗೋಣಿಕೊಪ್ಪ, ಹುಣಸೂರುಗಳನ್ನು ಹಾಯ್ದು ಮೈಸೂರು ಸೇರಲು ಸುಮಾರು ನೂರು ಕಿಲೋಮೀಟರ್ ಸಾಗಬೇಕು. ಲಿಂಗತ್ವ ದೃಢೀಕರಣದ ಹಾರ್ಮೋನು ಚಿಕಿತ್ಸೆ ಬಯಸುವ ಟ್ರಾನ್ಸ್ ವ್ಯಕ್ತಿಗೆ ದಾರಿ ಅಲ್ಲಿಗೂ ಮುಗಿಯದೆ ಇರಬಹುದು. ಅಂತಃಸ್ರಾವ ತಜ್ಞರೆಲ್ಲರೂ ಈ ಚಿಕಿತ್ಸೆಯನ್ನು ಕೈಗೆತ್ತಿಕೊಳ್ಳುವುದಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2020ರ ಮಾರ್ಚ್ 25ರಂದು ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿ ಈ ದೂರದ ಒಂದು ಭಾಗವನ್ನು ಅಳಿಸಿತು. ನೋಂದಾಯಿತ ವೈದ್ಯರು ವಿಡಿಯೊ ಕರೆಯಲ್ಲಿ ವ್ಯಕ್ತಿಯನ್ನು ಕಂಡು, ಸಹಿ ಮಾಡಿದ ಔಷಧ ಚೀಟಿಯ ಚಿತ್ರವನ್ನೋ ಡಿಜಿಟಲ್ ಪ್ರತಿಯನ್ನೋ ಮೊಬೈಲಿಗೆ ಕಳಿಸಲು ಅದು ಅವಕಾಶ ಕೊಟ್ಟಿತು. ಖಾಸಗಿ ಆನ್‌ಲೈನ್ ಕ್ಲಿನಿಕ್ಕುಗಳು ನಡೆಯುತ್ತಿರುವುದು ಈ ಆಧಾರದ ಮೇಲೆ. ತೆರೆಯ ಮೇಲೆ ಬಂದ ಚೀಟಿ ಮುದ್ರಣವಾಗಿ ಕಾಗದದ ರೂಪದಲ್ಲಿ ಮೆಡಿಕಲ್ ಶಾಪಿಗೆ ತಲುಪುತ್ತದೆ. ಅದರಲ್ಲಿರುವ ಮೂರು ನಾಲ್ಕು ಸಾಲುಗಳ ಹಿಂದೆ ಸುಮಾರು ನೂರು ವರ್ಷಗಳ ರಸಾಯನಶಾಸ್ತ್ರವಿದೆ.

ಆ ಸಾಲುಗಳಲ್ಲಿ ಮುಖ್ಯವಾಗಿ ಕಾಣುವ ಹೆಸರುಗಳು ಎರಡು: ಈಸ್ಟ್ರಡಯಾಲ್ ಮತ್ತು ಟೆಸ್ಟೋಸ್ಟಿರೋನ್. ಒಂದನ್ನು ಹೆಣ್ಣಿನ ಹಾರ್ಮೋನೆಂದೂ ಇನ್ನೊಂದನ್ನು ಗಂಡಿನದೆಂದೂ ಕರೆಯುವ ರೂಢಿಯಿದೆ, ಆದರೆ ಎರಡೂ ಎಲ್ಲ ದೇಹಗಳಲ್ಲಿವೆ. ಟೆಸ್ಟೋಸ್ಟಿರೋನಿನ ಒಂದು ಅಣುವಿನಲ್ಲಿ ಹತ್ತೊಂಬತ್ತು ಇಂಗಾಲದ ಪರಮಾಣುಗಳು, ಈಸ್ಟ್ರಡಯಾಲಿನಲ್ಲಿ ಹದಿನೆಂಟು. ಅರೊಮಟೇಸ್ ಎಂಬ ಕಿಣ್ವ ಒಂದು ಇಂಗಾಲವನ್ನು ಕಳಚಿ, ಒಂದು ಉಂಗುರದ ರಚನೆಯನ್ನು ಬದಲಿಸಿ ಮೊದಲನೆಯದನ್ನು ಎರಡನೆಯದಾಗಿಸುತ್ತದೆ. ಈ ಕೆಲಸ ಗಂಡಸರ ಕೊಬ್ಬಿನ ಅಂಗಾಂಶದಲ್ಲೂ ಪ್ರತಿಕ್ಷಣ ನಡೆಯುತ್ತಿರುತ್ತದೆ. ಕೊಬ್ಬಿನಲ್ಲಿ ಕರಗುವ ಈ ಅಣುಗಳು ಜೀವಕೋಶದ ಪೊರೆಯನ್ನು ಸಲೀಸಾಗಿ ದಾಟಿ, ಒಳಗಿನ ಗ್ರಾಹಕ ಪ್ರೋಟೀನುಗಳಿಗೆ ಅಂಟಿಕೊಂಡು, ಯಾವ ವಂಶವಾಹಿ ಎಚ್ಚರಗೊಳ್ಳಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಪ್ರಭಾವಿಸುತ್ತವೆ. ಚರ್ಮ, ಸ್ನಾಯು, ಕೂದಲು, ಕೊಬ್ಬಿನ ಹಂಚಿಕೆ, ದನಿ ಇವೆಲ್ಲದರ ಮೇಲೆ ಪರಿಣಾಮ ಬೀರಲು ಬೇಕಾಗುವ ಪ್ರಮಾಣ ಬೆರಗು ಹುಟ್ಟಿಸುವಷ್ಟು ಕಿರಿದು. ಈಸ್ಟ್ರಡಯಾಲನ್ನು ರಕ್ತದಲ್ಲಿ ಅಳೆಯುವುದು ಪಿಕೊಗ್ರಾಂಗಳಲ್ಲಿ, ಅಂದರೆ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲಿನ ಲೆಕ್ಕದಲ್ಲಿ.

ಟೆಸ್ಟೋಸ್ಟಿರೋನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ್ದು, ಪ್ರಯೋಗಾಲಯದಲ್ಲಿ ತಯಾರಿಸಿದ್ದು ಎರಡೂ 1935ರಲ್ಲಿ. ಆ ದಿನಗಳಲ್ಲಿ ಸ್ಟಿರಾಯ್ಡ್ ಹಾರ್ಮೋನುಗಳು ಪ್ರಾಣಿಗಳ ಗ್ರಂಥಿ, ಮೂತ್ರಗಳಿಂದ ಕಷ್ಟಪಟ್ಟು ತೆಗೆಯುವ ದುಬಾರಿ ವಸ್ತುಗಳಾಗಿದ್ದವು. 1940ರ ದಶಕದಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ರಸೆಲ್ ಮಾರ್ಕರ್ ಮೆಕ್ಸಿಕೊದ ಕಾಡುಗೆಣಸಿನಲ್ಲಿದ್ದ ಡಯೋಸ್ಜೆನಿನ್ ಎಂಬ ಸಂಯುಕ್ತದಿಂದ ಪ್ರೊಜೆಸ್ಟಿರೋನ್ ಎಂಬ ಇನ್ನೊಂದು ಸ್ಟಿರಾಯ್ಡ್ ಹಾರ್ಮೋನನ್ನು ಹೇರಳವಾಗಿ ತಯಾರಿಸಿ ತೋರಿಸಿದರು. ಕೊಡಗಿನವರು ಪುತ್ತರಿ ಹಬ್ಬದಂದು ಬೇಯಿಸಿ ತಿನ್ನುವ ಗೆಣಸೂ ಇದೇ ಡಯಾಸ್ಕೊರಿಯ ಕುಲದ್ದು. ಈ ಕುಲದ ಮೆಕ್ಸಿಕೊ ಮೂಲದ ಇನ್ನೊಂದು ಪ್ರಭೇದದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಡಯೋಸ್ಜೆನಿನ್‌ಗಾಗಿಯೇ ‘ಅರ್ಕಾ ಉಪಕಾರ್’ ಎಂಬ ತಳಿಯನ್ನು ಬೆಳೆಸಿತು. ಹಾಗೆಂದು ಗೆಣಸು ತಿಂದರೆ ಹಾರ್ಮೋನು ಸಿಗುವುದಿಲ್ಲ. ಡಯೋಸ್ಜೆನಿನನ್ನು ಹಾರ್ಮೋನಾಗಿಸುವ ಕಿಣ್ವಗಳು ಮನುಷ್ಯನಲ್ಲಿಲ್ಲ. ಇಂದು ಬಹುಪಾಲು ಸ್ಟಿರಾಯ್ಡುಗಳ ಮೂಲದ್ರವ್ಯ ಸೋಯಾದಂಥ ಸಸ್ಯಗಳ ಸ್ಟಿರಾಲು, ಅದನ್ನು ಮಾರ್ಪಡಿಸುವವು ಸೂಕ್ಷ್ಮಜೀವಿಗಳು.

ಅಣು ಒಂದೇ ಆದರೂ ಅದು ದೇಹವನ್ನು ಪ್ರವೇಶಿಸುವ ಬಗೆ ಬೇರೆಯಾದರೆ ಫಲವೂ ಬೇರೆ. ನುಂಗಿದ ಈಸ್ಟ್ರಡಯಾಲ್ ಮೊದಲು ಯಕೃತ್ತನ್ನು ಹಾಯುವುದರಿಂದ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳು ಹೆಚ್ಚುತ್ತವೆ. ಚರ್ಮಕ್ಕೆ ಹಚ್ಚುವ ಜೆಲ್ ಆ ದಾರಿಯನ್ನು ತಪ್ಪಿಸುತ್ತದೆ. ಟೆಸ್ಟೋಸ್ಟಿರೋನಿಗೆ ಕೊಬ್ಬಿನಾಮ್ಲದ ಬಾಲ ಜೋಡಿಸಿ ಎಣ್ಣೆಯಲ್ಲಿ ಕರಗಿಸಿ ಸ್ನಾಯುವಿಗೆ ಚುಚ್ಚಿದರೆ ಅದು ಅಲ್ಲಿಂದ ನಿಧಾನವಾಗಿ ಒಸರುತ್ತದೆ. ಎನಾಂಥೇಟ್ ಎಂಬ ಬಾಲವಿದ್ದರೆ ಚುಚ್ಚುಮದ್ದು ಕೆಲವು ವಾರಗಳೊಳಗೆ ಮತ್ತೆ ಬೇಕು, ಅನ್‌ಡೆಕನೋಯೇಟ್ ಇದ್ದರೆ ಸುಮಾರು ಮೂರು ತಿಂಗಳಿಗೊಮ್ಮೆ ಸಾಕು. ‘ಟೆಸ್ಟೋಸ್ಟಿರೋನ್ ಇಂಜೆಕ್ಷನ್’ ಎಂದಷ್ಟೇ ಬರೆದ ಚೀಟಿ ಆದ್ದರಿಂದ ಅರ್ಧ ಚೀಟಿ.

ಚೀಟಿಯೇ ಇಲ್ಲದಿದ್ದಾಗ ಏನಾಗುತ್ತದೆ ಎಂಬುದು ಭಾರತದ ಟ್ರಾನ್ಸ್ ಸಮುದಾಯಗಳಿಗೆ ಹಳೆಯ ಅನುಭವ. ಗೆಳತಿಯರ ಮಾತು ಕೇಳಿ ಗರ್ಭನಿರೋಧಕ ಗುಳಿಗೆಗಳನ್ನು ದಿನಕ್ಕೆ ಹಲವು ನುಂಗುವವರಿದ್ದಾರೆ. ಅವುಗಳಲ್ಲಿರುವುದು ಸಾಮಾನ್ಯವಾಗಿ ಎಥಿನೈಲ್ ಈಸ್ಟ್ರಡಯಾಲ್. ಯಕೃತ್ತು ಸುಲಭವಾಗಿ ಒಡೆಯಲಾಗದ ಈ ಅಣು ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಏರಿಸುವುದರಿಂದ ಲಿಂಗತ್ವ ದೃಢೀಕರಣಕ್ಕೆ ಅದನ್ನು ಬಳಸಬಾರದೆಂದು ತಜ್ಞರು ಹೇಳುತ್ತಾರೆ. ಈಸ್ಟ್ರಡಯಾಲ್ ಪಡೆಯುವವರಲ್ಲಿ ಟೆಸ್ಟೋಸ್ಟಿರೋನನ್ನು ತಡೆಯಲು ಕೊಡುವ ಸ್ಪೈರೊನೊಲ್ಯಾಕ್ಟೋನ್ ಮೂಲತಃ ರಕ್ತದೊತ್ತಡದ ಮದ್ದು, ಅದು ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಿಸಬಲ್ಲದು. ಟೆಸ್ಟೋಸ್ಟಿರೋನ್ ಪಡೆಯುವವರಲ್ಲಿ ಕೆಂಪು ರಕ್ತಕಣಗಳು ಮಿತಿಮೀರಬಹುದು. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಅನಂತರ ವರ್ಷಕ್ಕೆ ಒಂದೆರಡು ಬಾರಿ ರಕ್ತಪರೀಕ್ಷೆ ಬೇಕೆನ್ನುವುದು ಈ ಕಾರಣಗಳಿಂದ. ವೈದ್ಯರು ತೆರೆಯ ಮೇಲೆ ಬರಬಹುದು, ಸೂಜಿ ಬರಲಾರದು. ರಕ್ತ ಕೊಡುವುದು, ಚುಚ್ಚಿಸಿಕೊಳ್ಳುವುದು ಹತ್ತಿರದ ಪೇಟೆಯಲ್ಲೇ ಆಗಬೇಕು. ಆನ್‌ಲೈನ್ ಕ್ಲಿನಿಕ್ಕಿನ ಜಾಹೀರಾತುಗಳು ಈ ಭಾಗವನ್ನು ಹಗುರವಾಗಿ ದಾಟಿಬಿಡುತ್ತವೆ ಎಂಬ ಅನುಮಾನ ಅಕಾರಣವಲ್ಲ.

ಕಾನೂನಿನ ದೃಷ್ಟಿಯಲ್ಲಿ ಈ ಹಾರ್ಮೋನುಗಳು ಭಾರತದ ಔಷಧ ನಿಯಮಗಳ ಅನುಸೂಚಿ ಎಚ್‌ಗೆ ಸೇರಿವೆ, ಅಂದರೆ ಚೀಟಿ ತೋರಿಸದೆ ಮಾರುವಂತಿಲ್ಲ. ಅಮೆರಿಕ 1990ರ ಕಾಯ್ದೆಯಿಂದ ಟೆಸ್ಟೋಸ್ಟಿರೋನನ್ನು ನಿಯಂತ್ರಿತ ದ್ರವ್ಯಗಳ ಸಾಲಿಗೆ ಸೇರಿಸಿತು. ಭಾರತದಲ್ಲಿ ಹಾಗಿಲ್ಲ; ಟೆಲಿಮೆಡಿಸಿನ್ ಮಾರ್ಗಸೂಚಿ ನಿಷೇಧಿಸಿರುವುದು ಅನುಸೂಚಿ ಎಕ್ಸ್‌ನ ಔಷಧಗಳನ್ನು, ಮಾದಕ ಹಾಗೂ ಮನೋಪ್ರಭಾವಿ ದ್ರವ್ಯಗಳನ್ನು ಮಾತ್ರ. ಚೀಟಿ ಹೇಗಿರಬೇಕೆಂದು 1945ರ ಔಷಧ ನಿಯಮಗಳ 65ನೆಯ ನಿಯಮ ಹೇಳುತ್ತದೆ: ಬರಹದಲ್ಲಿರಬೇಕು, ಸಹಿ ಮತ್ತು ದಿನಾಂಕವಿರಬೇಕು, ವ್ಯಕ್ತಿಯ ಹೆಸರು ವಿಳಾಸ, ಔಷಧದ ಒಟ್ಟು ಪ್ರಮಾಣ, ಡೋಸು ಇರಬೇಕು. ಔಷಧ ಏತಕ್ಕೆಂದು ಆ ನಿಯಮ ಕೇಳುವುದಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರಿನಲ್ಲಿ ಈ ಮೌನಕ್ಕೆ ಬೆಲೆಯಿದೆ. ಆದರೆ ಹೆಸರು ಬೇಕೇ ಬೇಕು. ದಾಖಲೆಯಲ್ಲಿ ಹಳೆಯ ಹೆಸರು, ಬದುಕಿನಲ್ಲಿ ಹೊಸ ಹೆಸರು ಇರುವವರಿಗೆ ಮೆಡಿಕಲ್ ಶಾಪಿನಲ್ಲಿ ಎದುರಾಗುವ ಪ್ರಶ್ನೆ ಅಲ್ಲಿಂದಲೇ ಶುರುವಾಗುತ್ತದೆ.

ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ 2019ರಲ್ಲಿ ಬಂದ ಕಾಯ್ದೆಯ 15ನೆಯ ಸೆಕ್ಷನ್ ಹಾರ್ಮೋನು ಚಿಕಿತ್ಸೆಯನ್ನೂ ಅದರ ಹಿಂದುಮುಂದಿನ ಆಪ್ತಸಮಾಲೋಚನೆಯನ್ನೂ ಒದಗಿಸುವ ಹೊಣೆಯನ್ನು ಸರ್ಕಾರಗಳಿಗೆ ವಹಿಸಿತು. ಈ ಸೌಲಭ್ಯ ಜಿಲ್ಲಾ ಆಸ್ಪತ್ರೆಗಳವರೆಗೆ ಇಳಿದು ಬಂದರೆ ಖಾಸಗಿ ಕ್ಲಿನಿಕ್ಕಿನ ಶುಲ್ಕ ತೆರುವ ಅಗತ್ಯ ಕಡಿಮೆಯಾದೀತು. ಅಲ್ಲಿಯವರೆಗೆ ಚೀಟಿಯ ಇನ್ನೊಂದು ಸಾಲನ್ನು ಗಮನಿಸಬೇಕು. ಎಷ್ಟು ಬಾರಿ ಔಷಧ ಕೊಡಬಹುದೆಂದು ವೈದ್ಯರು ಬರೆಯದಿದ್ದರೆ, 65ನೆಯ ನಿಯಮದ ಪ್ರಕಾರ ಒಂದು ಚೀಟಿಗೆ ಒಂದೇ ಸಲ ಮಾರಾಟ. ಕೊಟ್ಟ ಅಂಗಡಿ ತನ್ನ ಹೆಸರು, ವಿಳಾಸ, ದಿನಾಂಕವನ್ನು ಅದರ ಮೇಲೆ ನಮೂದಿಸಬೇಕು. ಈ ಚಿಕಿತ್ಸೆ ಬಹುತೇಕರಿಗೆ ವರ್ಷಗಟ್ಟಲೆ ನಡೆಯುವಂಥದ್ದು. ರಕ್ತಪರೀಕ್ಷೆಯ ವರದಿ ಬಂದು ಡೋಸು ಬದಲಾದಾಗಲೆಲ್ಲ ಹೊಸ ಚೀಟಿ ಬೇಕು, ಕೊನೆಯ ಭೇಟಿಯಿಂದ ಆರು ತಿಂಗಳು ಕಳೆದಿದ್ದರೆ ಟೆಲಿಮೆಡಿಸಿನ್ ಮಾರ್ಗಸೂಚಿ ಮುಂದಿನದನ್ನು ಮೊದಲ ಭೇಟಿಯೆಂದೇ ಎಣಿಸುತ್ತದೆ.