ದೊಡ್ಡವ್ವನ ಬೆರಳಿಗೆ ಯಾಕೆ ಸ್ಕ್ಯಾನಿಂಗ್?

ಕೊಪ್ಪಳದಲ್ಲಿ ಡಾಕ್ಟರು ಸ್ಕ್ಯಾನಿಂಗ್‌ಗೆ ಚೀಟಿ ಬರೆದಾಗ ಯಲಬುರ್ಗಾ ಕಡೆಯ ನಮ್ಮ ದೊಡ್ಡವ್ವ ನಕ್ಕುಬಿಟ್ಟಳು: "ಈ ವಯಸ್ಸಿನಾಗ ನನಗ್ಯಾಕೋ ಸ್ಕ್ಯಾನಿಂಗ್? ನಾ ಏನ್ ಬಸುರಿ ಅದೀನೇನ?" ಅವಳ ತಪ್ಪಲ್ಲ. ಪ್ರತಿ ಸ್ಕ್ಯಾನಿಂಗ್ ಸೆಂಟರ್‌ನಲ್ಲೂ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಅನ್ನೋ ಬೋರ್ಡು ಇರುತ್ತೆ. 1994ರ ಕಾಯ್ದೆಯ ಪ್ರಕಾರ ಅದು ಇರಲೇಬೇಕು. ಹಾಗಾಗಿ ಅಲ್ಟ್ರಾಸೌಂಡ್ ಅಂದರೆ ಬಸಿರಿನ ಪರೀಕ್ಷೆ ಅಂತಲೇ ತಲೆಯಲ್ಲಿ ಕೂತಿದೆ.

ಕೀಲು ಹಿಡಿದರೆ ಕುಷ್ಟಗಿ, ಯಲಬುರ್ಗಾದಲ್ಲಿ ಫ್ಲೋರೈಡ್ ನೀರು ಅಂತೀವಿ, ಗಂಗಾವತಿಯಲ್ಲಿ ಭತ್ತದ ನಾಟಿ ಅಂತೀವಿ. ಎರಡೂ ಅಲ್ಲದಿದ್ದರೆ ವಯಸ್ಸಂತೂ ಇದ್ದೇ ಇದೆ. ಇದರಲ್ಲಿ ನಿಜವೂ ಇದೆ. ಆದರೆ ದೊಡ್ಡವ್ವನಿಗೆ ಬೆಳಗ್ಗೆ ಎದ್ದರೆ ಒಂದು ತಾಸು ಬೆರಳು ಮಡಚಲು ಬರುತ್ತಿರಲಿಲ್ಲ. ರೊಟ್ಟಿ ಬಡಿಯೋದು ನಿಂತೇ ಹೋಗಿತ್ತು. ಸವೆತದ ನೋವು ಕೆಲಸ ಮಾಡಿದಷ್ಟೂ ಹೆಚ್ಚುತ್ತದೆ. ಬಾವಿನ ನೋವು ಸಾಮಾನ್ಯವಾಗಿ ಕೈಯಾಡಿಸಿದಂತೆ ಸಡಿಲಾಗುತ್ತದೆ. ಅವಳದು ಎರಡನೆಯದು.

ಅಲ್ಟ್ರಾಸೌಂಡ್‌ನಲ್ಲಿ ಕೀಲಿನ ಒಳಪದರ ದಪ್ಪಗಾಗಿದೆಯೇ, ನೀರು ತುಂಬಿದೆಯೇ, ಎಲುಬಿನ ಅಂಚು ಸವೆದಿದೆಯೇ ಅಂತ ಕಾಣುತ್ತದೆ. ಪವರ್ ಡಾಪ್ಲರ್ ಹಾಕಿದರೆ ಬಾವು ಇರುವಲ್ಲಿ ರಕ್ತದ ಹರಿವು ಕೆಂಪು ಚುಕ್ಕೆಗಳಾಗಿ ಮಿನುಗುತ್ತದೆ. ಎಕ್ಸ್‌ರೇ ಮುಖ್ಯವಾಗಿ ಎಲುಬಿಗೆ ಏಟು ಬಿದ್ದಮೇಲೆ ಹೇಳುವ ಸುದ್ದಿ ಇದು. ವಿಕಿರಣವಂತೂ ಇಲ್ಲವೇ ಇಲ್ಲ. ಆದರೆ ನೋಡುವ ಕೈಗೆ ಪಳಗಿಕೆ ಬೇಕು, ಹೊಟ್ಟೆ ಸ್ಕ್ಯಾನ್ ಮಾಡುವವರೆಲ್ಲ ಬೆರಳಿನ ಕೀಲು ಓದಲಾರರು.

ಒಂದು ಎಚ್ಚರಿಕೆ. ನಾವು ಅದಕ್ಕೂ ಮೊದಲು ಊರಲ್ಲೇ ನೋವಿನ ಸೂಜಿ ಹಾಕಿಸಿದ್ದೆವು, ಅದು ಸ್ಟೀರಾಯ್ಡ್ ಅಂತ ಆಮೇಲೆ ತಿಳಿಯಿತು. ಸ್ಟೀರಾಯ್ಡ್ ಬಾವನ್ನು ಅಡಗಿಸುತ್ತದೆ, ಆಗ ಸ್ಕ್ಯಾನ್‌ನಲ್ಲೂ ಅದು ಸರಿಯಾಗಿ ಕಾಣದೇ ಹೋಗಬಹುದು. ಏನು ಸೂಜಿ ಹಾಕಿಸಿದ್ದೀರಿ ಅನ್ನೋದನ್ನ ಡಾಕ್ಟರಿಗೆ ಮೊದಲೇ ಹೇಳಿ.

ಇನ್ನೊಂದು, ಇದು ತುರ್ತಿನದು. ಐವತ್ತು ದಾಟಿದವರಿಗೆ ಹೊಸದಾಗಿ ಕಣತಲೆ ನೋವು, ಅಗಿಯುವಾಗ ದವಡೆ ನೋವು, ಕಣ್ಣು ಮಬ್ಬು ಬಂದರೆ ಅದು ರಕ್ತನಾಳದ ಬಾವು ಇರಬಹುದು. ಸ್ಕ್ಯಾನ್‌ನಲ್ಲಿ ನಾಳದ ಸುತ್ತ ಕಪ್ಪು ಉಂಗುರ ಕಾಣುತ್ತದೆ. ಆದರೆ ಸ್ಕ್ಯಾನ್‌ಗಾಗಿ ಚಿಕಿತ್ಸೆ ತಡ ಮಾಡಿದರೆ ಕಣ್ಣೇ ಹೋಗಬಹುದು.

ಮೂರು ತಿಂಗಳ ಗುಳಿಗೆಯ ನಂತರ ದೊಡ್ಡವ್ವನ ಬಾವು ಇಳಿದಿತ್ತು. ಮತ್ತೆ ಸ್ಕ್ಯಾನ್ ಬೇಕಾ ಅಂತ ಕೇಳಿದೆ. ಬೇಡ ಅಂದರು ಡಾಕ್ಟರು. 2016ರಲ್ಲಿ ಪ್ರಕಟವಾದ ನಾರ್ವೆಯ ಒಂದು ಅಧ್ಯಯನದಲ್ಲಿ, ಪ್ರತಿ ಭೇಟಿಗೂ ಸ್ಕ್ಯಾನ್ ಮಾಡಿ ಔಷಧಿ ಹೊಂದಿಸಿದವರಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ. ಕೈಯಿಂದ ಮುಟ್ಟಿ ನೋಡಿ ಸಂಶಯ ಬಂದರೆ ಮಾತ್ರ ಸ್ಕ್ಯಾನ್.

"ರೊಕ್ಕ ಉಳೀತು ಬಿಡು," ಅಂದಳು ದೊಡ್ಡವ್ವ.